ನೀರು ಇಂಗಿದ ಜಾಗ

ಗುಂಡಿಯ ತಳದಲ್ಲಿ ಕೊನೆಯ ಗುಳ್ಳೆ ಒಡೆಯಿತು. ಸಬ್ ಇನ್ಸ್‌ಪೆಕ್ಟರ್ ನಾಗಲಕ್ಷ್ಮಿ ಕೈಗಡಿಯಾರ ನೋಡಿಕೊಂಡಳು.

“ಒಂದು ಗಂಟೆ ಇಪ್ಪತ್ತು ನಿಮಿಷ. ಬರ್ಕೊಳ್ಳಿ ಪುಟ್ಟಮಾದು.”

ಹೆಡ್ ಕಾನ್‌ಸ್ಟೆಬಲ್ ಪುಟ್ಟಮಾದು ಮೊಣಕಾಲ ಮೇಲೆ ಪ್ಯಾಡ್ ಇಟ್ಟುಕೊಂಡು ಬರೆದ. “ಮೊದಲ್ನೇ ಸಲ ಐವತ್ತೈದು ನಿಮಿಷಕ್ಕೇ ಖಾಲಿ ಆಗಿತ್ತು ಮೇಡಂ. ಈಗ ನೆಲ ನೆಂದದೆ, ಅದ್ಕೇ ತಡ.”

“ನೆಂದಿರೋ ನೆಲವೇ ಬೇಕಾಗಿತ್ತು. ಸೋಮವಾರ ಮಳೆ ಬಿದ್ದಾಗಲೂ ಇದು ನೆಂದೇ ಇತ್ತಲ್ಲ.”

ಭೀಮನಬೀಡಿನ ಮಲ್ಲಿಗಮ್ಮನ ಹೊಲದ ಈ ಗುಂಡಿಯಲ್ಲಿ ಮಂಗಳವಾರ ಬೆಳಿಗ್ಗೆ ಶಾಂತರಾಜುವಿನ ಹೆಣ ಸಿಕ್ಕಿ ಇಂದಿಗೆ ಮೂರು ದಿನ. ಯಾವ ಹೊಲದ ಮಣ್ಣು ಎಷ್ಟು ಬೇಗ ನೀರು ಕುಡಿಯುತ್ತದೆ ಎಂದು ಅಳೆಯುವುದು ಅವನ ಕೆಲಸವಾಗಿತ್ತು. ಕಬ್ಬಿಣದ ದೊಡ್ಡ ಬಳೆಯೊಂದನ್ನು ನೆಲಕ್ಕೆ ಬಡಿದು, ಅದರೊಳಗೆ ನೀರು ಸುರಿದು, ಎಷ್ಟು ಹೊತ್ತಿಗೆ ಇಂಗುತ್ತದೆ ಎಂದು ನೋಡುತ್ತ ಕೂರುತ್ತಿದ್ದ. ಊರ ಹೆಂಗಸರು ಅವನನ್ನು ಬಳೆಗಾರ ಎಂದೇ ಕರೆಯುತ್ತಿದ್ದರು.

ಬದುವಿನ ಮೇಲೆ ಇಪ್ಪತ್ತು ಜನ ನಿಂತಿದ್ದರು. ಬೆಳಿಗ್ಗೆಯಿಂದ ಒಬ್ಬರೂ ಪೊಲೀಸರಿಗೆ ಕುಡಿಯಲು ನೀರು ಕೊಟ್ಟಿರಲಿಲ್ಲ.

“ಹೆಣ ಬಿದ್ದಿದ್ ಗುಂಡಿಗೆ ಎರಡೆರಡ್ ಸಲ ನೀರ್ ಉಯ್ತಾವ್ರೆ ನೋಡ್ಲಾ.”

“ಟ್ಯಾಂಕರ್ ನೀರು ಊರ್ಗಿಲ್ಲ, ಗುಂಡಿಗದೆ.”

ನಾಗಲಕ್ಷ್ಮಿ ತಿರುಗಿ ನೋಡಲಿಲ್ಲ. ಅಷ್ಟರಲ್ಲಿ ಫೋನ್ ಬಂತು. ಸರ್ಕಲ್ ಇನ್ಸ್‌ಪೆಕ್ಟರ್.

“ಮುಗೀತೇನ್ರೀ ನಿಮ್ಮ ನೀರಾಟ?”

“ಸರ್, ಇನ್ನು ಸ್ವಲ್ಪ—”

“ಸ್ವಲ್ಪ ಗಿಲ್ಪ ಏನೂ ಇಲ್ಲ. ಐದು ಗಂಟೆಗೆ ಫೈಲು ನನ್ನ ಮೇಜಿನ ಮೇಲಿರಬೇಕು. ಕಾಲು ಜಾರಿ ಬಿದ್ದ, ಸತ್ತ. ಗುಂಡಿ ತೋಡಿ ಹಾಗೇ ಬಿಟ್ಟವನ ಮೇಲೆ ನಿರ್ಲಕ್ಷ್ಯದ ಕೇಸು. ಅವನನ್ನ ಬೆಳಿಗ್ಗೆಯಿಂದ ಠಾಣೇಲಿ ಕೂರಿಸಿದ್ದೀನಿ. ನಿಮ್ಮ ಒಂದು ಸಹಿಗೆ ಕಾಯ್ತಿದ್ದೀನಿ.”

ಫೋನ್ ಕಟ್ಟಾಯಿತು. ಗಂಟೆ ಎರಡೂವರೆ.

ಠಾಣೆಯಲ್ಲಿ ಕೂತವನು ಮಲ್ಲಿಗಮ್ಮನ ಮಗ ರಾಚಯ್ಯ. ತೆಂಗಿನ ಸಸಿ ನೆಡಲು ಈ ಗುಂಡಿ ತೋಡಿದ್ದು ಅವನೇ. ಮಲ್ಲಿಗಮ್ಮ ಹೊಂಗೆ ಮರದ ಬುಡದಲ್ಲಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನಾಗಲಕ್ಷ್ಮಿ ಹತ್ತಿರ ಬಂದಾಗ ಮೇಲೇಳಲಿಲ್ಲ.

“ನನ್ ಮಗನ್ನ ಯಾವಾಗ ಬುಡ್ತೀರಿ?”

“ಅವ್ವ, ಒಂದು ಮಾತು ಹೇಳಿ. ಈ ಹೊಲಕ್ಕೆ ಯಾವತ್ತಾದ್ರೂ ಟ್ರಾಕ್ಟರ್ ಬಿಟ್ಟಿದ್ದೀರಾ?”

“ಟ್ಯಾಕ್ಟ್ರು ಎಲ್ಲಿಂದ ಬಂದಾತು?” ಮುದುಕಿ ಪಕ್ಕದ ಹೊಲದ ಕಡೆ ಗಲ್ಲ ಎತ್ತಿದಳು. “ಅವ್ರ ಜಮೀನ್ ದಾಟ್ಕಂಡೇ ಬರ್ಬೇಕು. ದಾರಿ ಬುಡಲ್ಲ. ಬದಿನ್ ಮ್ಯಾಲೆ ನಾವು ಕಾಲಿಟ್ರೂ ಬಯ್ತಾರೆ. ನಮ್ದು ಮೊದ್ಲಿಂದ್ಲೂವೆ ಎತ್ತಿನ್ ಬೇಸಾಯ ಕಣವ್ವ. ರಾಗಿ, ಅವರೆ, ಹುಚ್ಚೆಳ್ಳು. ಮಿಕ್ಕಿದ್ ಜಾಗ ಹುಲ್ಲು ಬುಟ್ಟೀವಿ, ಹಸಕ್ಕೆ.”

ಗುಂಡಿಯೊಳಗೆ ಇಳಿದಿದ್ದ ಭಾನು ಆ ಮಾತಿಗೆ ತಲೆ ಎತ್ತಿದಳು. ಚಾಮರಾಜನಗರದ ಕಚೇರಿಯಲ್ಲಿ ಶಾಂತರಾಜುವಿನ ಜೊತೆ ಆರು ವರ್ಷ ಕೆಲಸ ಮಾಡಿದವಳು. ಬೆಳಿಗ್ಗೆ ಬಂದಾಗಿನಿಂದ ನಾಲ್ಕು ಮಾತೂ ಆಡಿರಲಿಲ್ಲ.

“ಇಲ್ಲಿ ನೋಡಿ ಮೇಡಂ.” ಅವಳು ಚಾಕುವಿನಿಂದ ಗುಂಡಿಯ ಗೋಡೆ ಕೆರೆದಳು. ಕೆಮ್ಮಣ್ಣು ಪುಡಿಪುಡಿಯಾಗಿ ಉದುರಿತು. ಒಳಗೆ ಎರೆಹುಳು ಕೊರೆದ ತೂತುಗಳು, ಕೊಳೆತ ಬೇರು ಬಿಟ್ಟುಹೋದ ಕೊಳವೆಗಳು. “ನೀರು ಇಳಿಯೋಕೆ ಇಷ್ಟು ದಾರಿ ಇದೆ. ಪಕ್ಕದ ಹೊಲದಲ್ಲೂ ಇದೇ ಕೆಮ್ಮಣ್ಣು. ಆದರೆ ಅಲ್ಲಿ ಹನ್ನೆರಡು ವರ್ಷದಿಂದ ವರ್ಷಕ್ಕೆ ಮೂರು ಬೆಳೆ, ಪ್ರತಿ ಬೆಳೆಗೂ ಟ್ರಾಕ್ಟರಿಗೆ ಕಟ್ಟಿ ಮಣ್ಣು ಪುಡಿ ಮಾಡೋ ರೋಟವೇಟರ್. ಮೇಲಿನ ಆರು ಇಂಚು ಹಿಟ್ಟಿನ ಹಾಗೆ ಆಗುತ್ತೆ, ಅದರ ಕೆಳಗೆ ಟ್ರಾಕ್ಟರ್ ಭಾರಕ್ಕೆ ಮಣ್ಣು ಒತ್ತಿ ಒತ್ತಿ ಚಪ್ಪಡಿ ಆಗಿಬಿಡುತ್ತೆ. ನೀರು ಅಲ್ಲಿಗೆ ಬಂದು ನಿಲ್ಲುತ್ತೆ.”

ನಾಗಲಕ್ಷ್ಮಿ ಬದುವಿನಾಚೆ ನೋಡಿದಳು. ಹನ್ನೊಂದು ಎಕರೆ ಚೆಂಡು ಹೂ. ಮಳೆ ಬಿದ್ದು ಮೂರು ದಿನ ಕಳೆದಿದ್ದರೂ ಸಾಲುಗಳ ನಡುವೆ ಇನ್ನೂ ಕೆಂಪು ನೀರು ನಿಂತಿತ್ತು. ಹರದನಹಳ್ಳಿಯಲ್ಲಿ ಅವಳ ಅಪ್ಪನ ಹೊಲವೂ ಈಗ ಹೀಗೇ. ಮಳೆ ಸಾಲದು ಎಂದು ಅಪ್ಪ ಪ್ರತಿ ವರ್ಷ ಬೈಯುತ್ತಿದ್ದ. ಬಿದ್ದ ಮಳೆ ಒಳಗಿಳಿಯುತ್ತಿಲ್ಲ ಎಂದು ಅವಳಿಗೂ ಹೊಳೆದಿರಲಿಲ್ಲ.

ಅವಳು ಶವಪರೀಕ್ಷೆಯ ವರದಿ ತೆಗೆದು ಮತ್ತೊಮ್ಮೆ ಓದಿದಳು. ಶ್ವಾಸಕೋಶದಲ್ಲಿ ಕೆಸರು ನೀರು. ಹಿಂಗತ್ತಿನಲ್ಲಿ ಒತ್ತಿ ಹಿಡಿದ ಗುರುತು. ಗಂಟಲಿನಲ್ಲಿ ಕಿತ್ತಳೆ ಬಣ್ಣದ ಹೂವಿನ ಎಸಳು, ಎರಡು.

ಮಲ್ಲಿಗಮ್ಮನ ಹೊಲದಲ್ಲಿ ಒಂದು ಚೆಂಡು ಹೂವಿನ ಗಿಡವೂ ಇರಲಿಲ್ಲ.

“ಮೇಡಂ,” ಭಾನು ಗುಂಡಿಯಿಂದ ಮೇಲೆ ಬಂದಳು. “ನಿಮಗೊಂದು ತೋರಿಸಬೇಕು. ಮೊದಲ ದಿನವೇ ತೋರಿಸಬೇಕಿತ್ತು.”

ಫೋನಿನಲ್ಲಿ ಒಂದು ಫೋಟೊ. ಶಾಂತರಾಜುವಿನ ಪುಸ್ತಕದ ಒಂದು ಹಾಳೆ. ಪುಸ್ತಕ ಇನ್ನೂ ಸಿಕ್ಕಿರಲಿಲ್ಲ.

“ಸೋಮವಾರ ನಾಲ್ಕೂ ಮುಕ್ಕಾಲಿಗೆ ಕಳಿಸಿದ್ದ. ಚೆಂಡು ಹೂವಿನ ಹೊಲದ ಅಳತೆ. ಇಪ್ಪತ್ತು ಜಾಗದಲ್ಲಿ ಬಳೆ ಇಟ್ಟಿದ್ದಾನೆ. ಹತ್ತೊಂಬತ್ತರಲ್ಲಿ ಗಂಟೆಗೆ ಅರ್ಧ ಇಂಚು ನೀರೂ ಇಳಿದಿಲ್ಲ. ಇದನ್ನ ನೋಡಿ. ಹದಿನಾಲ್ಕನೇದು.”

ಹದಿನಾಲ್ಕರ ಮುಂದೆ ‘ಒಂಬತ್ತು ಇಂಚು’ ಎಂದಿತ್ತು. ಪಕ್ಕದಲ್ಲಿ ಪ್ರಶ್ನೆ ಚಿಹ್ನೆ. ಪೆನ್ನನ್ನು ಎರಡು ಸಲ ಒತ್ತಿ ಬರೆದಿದ್ದ.

“ನೀವು ಏನು ಅಂದ್ರಿ ಇದಕ್ಕೆ?”

ಭಾನು ಚಾಕುವಿನ ಮಣ್ಣು ಒರೆಸಿದಳು. “ತಪ್ಪಾಗಿದೆ, ಬಳೆ ಸರಿಯಾಗಿ ಕೂತಿಲ್ಲ, ಇನ್ನೊಂದ್ಸಲ ಅಳೆದು ಬಾ ಅಂತ ಬರೆದೆ. ಅವನು ಬಸ್‌ಸ್ಟಾಪಿಗೆ ಬಂದು ನಿಂತಿದ್ದನಂತೆ ಮೇಡಂ. ನನ್ನ ಮೆಸೇಜ್ ನೋಡಿ ವಾಪಸ್ ಹೋದ.”

ಅವಳು ಮುಖ ತಿರುಗಿಸಿಕೊಂಡಳು. ನಾಗಲಕ್ಷ್ಮಿ ಸಮಾಧಾನದ ಮಾತು ಹುಡುಕಲಿಲ್ಲ. ಫೋಟೊವನ್ನು ತನ್ನ ಫೋನಿಗೆ ಕಳಿಸಿಕೊಂಡು, “ಬಳೆ ತಂದಿದ್ದೀರಾ?” ಎಂದಷ್ಟೇ ಕೇಳಿದಳು.

“ಗಾಡೀಲಿದೆ.”

“ತಗೊಳ್ಳಿ. ಹದಿನಾಲ್ಕು ಎಲ್ಲಿದೆ ಅಂತ ನೀವೇ ತೋರಿಸಬೇಕು.”

ಚೆಂಡು ಹೂವಿನ ಹೊಲಕ್ಕೆ ಇಳಿಯುವ ದಾರಿಗೆ ಅಡ್ಡಲಾಗಿ ಟ್ರಾಕ್ಟರ್ ನಿಂತಿತ್ತು. ಅದರ ಮುಂದೆ ಮಹದೇವಪ್ಪ. ಐವತ್ತೈದರ ಗಟ್ಟಿ ಆಳು, ಬಿಳಿ ಅಂಗಿ, ಹೆಗಲ ಮೇಲೆ ಟವೆಲು. ಹೊಲವೂ ಟ್ರಾಕ್ಟರೂ ಅವನವು. ಮಂಗಳವಾರ ಹೆಣವನ್ನು ಮೊದಲು ಕಂಡು ಠಾಣೆಗೆ ಫೋನ್ ಮಾಡಿದವನೂ ಅವನೇ. ಹಿಂದೆ ನಾಲ್ಕು ಜನ ಆಳುಗಳು, ಇಬ್ಬರ ಕೈಯಲ್ಲಿ ಗುದ್ದಲಿ.

ಹೊಲದಲ್ಲಿ ಹೂ ಕೀಳುತ್ತಿದ್ದ ಹೆಂಗಸರು ತಲೆ ಎತ್ತಿ ನೋಡಿದರು. ಅವರ ನಡುವೆ ಮಹದೇವಪ್ಪನ ಹೆಂಡತಿ ಸೋಮಮ್ಮ ಒಬ್ಬಳೇ ಬಗ್ಗಿಕೊಂಡು ಹೂ ಕೀಳುತ್ತಲೇ ಇದ್ದಳು.

“ಅಲ್ಲೇ ನಿಂತ್ಕಳಿ,” ಮಹದೇವಪ್ಪ ಅಂದ. “ಬೂಟ್ ಕಾಲಲ್ಲಿ ನನ್ನ ಹೊಲಕ್ಕೆ ಇಳಿಯಂಗಿಲ್ಲ.”

“ಕೊಲೆ ಕೇಸು. ಹುಡುಕೋಕೆ ನನಗೆ ಅಧಿಕಾರ ಇದೆ. ಬರೆದು ತಂದಿದ್ದೀನಿ, ಓದ್ಕೊಳ್ಳಿ.”

ಅವನು ಹಾಳೆಯನ್ನು ಮುಟ್ಟಲಿಲ್ಲ. “ಕೊಲೆನಾ? ಬೆಳಿಗ್ಗೆ ತಂಕ ಆಕ್ಸಿಡೆಂಟ್ ಆಗಿತ್ತಲ್ಲ. ನಿಮ್ ಸರ್ಕಲ್ ಸಾಹೇಬ್ರೇ ನನ್ ಕುಟ್ಟೆ ಏಳುದ್ರು.”

“ಸಾಹೇಬ್ರು ಗುಂಡಿ ನೋಡಿಲ್ಲ. ನಾನು ನೋಡಿದೆ. ನಿಮ್ಮ ಹೇಳಿಕೇಲಿ ಗುಂಡಿ ತುಂಬ ನೀರಿತ್ತು ಅಂದಿದ್ದೀರಿ.”

“ಇತ್ತು. ಮಂಡಿಯುದ್ದ. ಹೆಣ ಬೋರಲಾಗಿ ತೇಲ್ತಿತ್ತು.”

“ಎಷ್ಟೊತ್ತಿಗೆ?”

“ಬೆಳಿಗ್ಗೆ ಆರೂವರೆ. ಎಷ್ಟ್ ಸಲ ಏಳ್ಬೇಕು?”

“ಮಳೆ ನಿಂತಿದ್ದು?”

“ಸೋಮವಾರ ಸಂಜೆ ಏಳೂವರೆ.”

“ಹನ್ನೊಂದು ಗಂಟೆ ಹೊತ್ತು. ಆ ಗುಂಡಿ ಮಂಡಿಯುದ್ದ ನೀರನ್ನ ಒಂದೂವರೆ ಗಂಟೆನೂ ಇಟ್ಕೊಳ್ಳಲ್ಲ. ಈಗ ಎರಡು ಸಲ ತುಂಬಿಸಿ ನೋಡಿದ್ದೀವಿ. ಊರೇ ನೋಡಿದೆ.”

ಬದುವಿನ ಮೇಲಿದ್ದವರು ಗುಂಡಿಯ ಕಡೆ ತಿರುಗಿ ನೋಡಿದರು.

“ನಿಮ್ಮ ಹೊಲದಲ್ಲಿ ನೀರು ನಿಲ್ಲುತ್ತೆ ಮಹದೇವಪ್ಪನೋರೆ,” ನಾಗಲಕ್ಷ್ಮಿ ದನಿ ಏರಿಸಲಿಲ್ಲ. “ಹನ್ನೆರಡು ವರ್ಷದಿಂದ ನಿಂತ ನೀರು ನೋಡಿ ನಿಮ್ಮ ಕಣ್ಣಿಗೆ ರೂಢಿಯಾಗಿದೆ. ಬದು ದಾಟಿದ್ರೂ ಹಾಗೇ ನಿಲ್ಲುತ್ತೆ ಅಂದ್ಕೊಂಡು ಸುಳ್ಳು ಹೇಳಿದ್ರಿ. ಅವರ ನೆಲ ನಿಮ್ಮ ನೆಲದ ಹಾಗಿಲ್ಲ.”

“ಏಯ್, ಏನ್ ಮಾತಾಡ್ತಿದ್ದೀರಿ? ಯಾರ್ ಮುಂದೆ ಮಾತಾಡ್ತಿದ್ದೀನಿ ಅನ್ನೋ ಗ್ಯಾನ ಇರ್ಲಿ. ನಾಳೆ ಬೆಳಿಗ್ಗೆಗೆ ಎತ್ತಂಗಡಿ ಮಾಡುಸ್ತೀನಿ.”

“ಮಾಡಿಸಿ. ಐದು ಗಂಟೆವರೆಗೂ ಇಲ್ಲೇ ಇರ್ತೀನಿ.”

ಗುದ್ದಲಿ ಹಿಡಿದವನೊಬ್ಬ ಒಂದು ಹೆಜ್ಜೆ ಮುಂದೆ ಬಂದ. ಪುಟ್ಟಮಾದು ಅವನೆದುರು ಹೋಗಿ ನಿಂತ. “ಕೆಳ್ಗಿಡ್ಲಾ ಅದ. ನಿಮ್ಮಪ್ಪನೂ ನಾನೂ ಒಂದೇ ಬೆಂಚಲ್ಲಿ ಕೂತು ಓದೋರು. ಇಡು ಅಂದೆ.”

ಗುದ್ದಲಿ ಕೆಳಗಿಳಿಯಿತು.

ಅಷ್ಟರಲ್ಲಿ ಬದುವಿನಿಂದ ಮಲ್ಲಿಗಮ್ಮ ಇಳಿದು ಬಂದಳು. ನಲವತ್ತು ವರ್ಷದಲ್ಲಿ ಆ ಹೊಲದೊಳಗೆ ಕೂಲಿಗಲ್ಲದೆ ಕಾಲಿಟ್ಟವಳಲ್ಲ. ನೆಟ್ಟಗೆ ಮಹದೇವಪ್ಪನ ಎದುರು ಬಂದು ನಿಂತಳು.

“ಹೆಣ ತಂದು ನನ್ ಗುಂಡಿಗಾಕ್ದಾ, ಮಾದೇವಪ್ಪ?”

‘ಬುದ್ಧಿ’ ಎನ್ನದೆ ಅವಳು ಅವನನ್ನು ಮಾತಾಡಿಸಿದ್ದು ಅದೇ ಮೊದಲು. ಬದುವಿನ ಮೇಲೆ ಯಾರೋ ನಾಲಿಗೆ ಕಚ್ಚಿಕೊಂಡರು.

“ಏನಂದೆ? ಹೆಸ್ರಿಡ್ದು ಕರೀತಿಯಾ?”

“ಕರೀತೀನಿ. ನನ್ ಮಗ ಅಲ್ಲಿ ಟೇಸನ್ನಲ್ಲಿ ನೆಲದ್ ಮ್ಯಾಲೆ ಕೂತವ್ನೆ. ದಾರಿ ಬುಡ್ಲಿಲ್ಲ, ಸುಮ್ಕಿದ್ದೆ. ಬದ ಒತ್ತರ್ಸಿದ್ರಿ, ಸುಮ್ಕಿದ್ದೆ. ಈಗ ಹೆಣಾನೂ ತಂದಾಕುದ್ರಾ? ನಿಜ ಏಳು. ನಿನ್ ಎಂಡ್ರು ಮುಂದ್ಗಡೆನೇ ಏಳು.”

ಮಹದೇವಪ್ಪನ ಕೈ ಮೇಲೆದ್ದಿತು. ನಾಗಲಕ್ಷ್ಮಿ ಆ ಕೈಯ ಮಣಿಕಟ್ಟು ಹಿಡಿದಳು. ಬಿಡಿಸಿಕೊಳ್ಳಲು ಎಳೆದ, ಆಗಲಿಲ್ಲ. ಒಂದು ಗಳಿಗೆ ಇಬ್ಬರೂ ಹಾಗೇ ನಿಂತರು. ಆಮೇಲೆ ಅವನ ತೋಳಿನ ಬಿಗಿ ಸಡಿಲವಾಯಿತು.

“ಕೊಂದಿಲ್ಲ ನಾನು,” ಅಂದ. ದನಿ ಬೇರೆಯೇ ಆಗಿತ್ತು. “ದೇವ್ರಾಣೆ ಕೊಂದಿಲ್ಲ. ಬೆಳಿಗ್ಗೆ ನೀರ್ ಬಸಿದದ್ಯಾ ನೋಡನ ಅಂತ ಬಂದೆ. ಸಾಲಲ್ಲಿ ಬೋರಲಾಗಿ ಬಿದ್ದಿದ್ದ. ಮುಖ ಪಕ್ಕದ್ ಸಾಲಿನ್ ನೀರಲ್ಲಿತ್ತು. ತಣ್ಣಗಾಗಿದ್ದ.”

“ಆಮೇಲೆ?”

“ನನ್ ಹೊಲ್ದಲ್ಲಿ ಹೆಣ ಅಂದ್ರೆ ಯಾರು ಬುಟ್ಟಾರು? ಹಿಂದಿನ್ ದಿನ ತಾನೆ ಅವ್ನ ಕುಟ್ಟೆ ಜಗಳ ಆಡಿದ್ದೆ. ಹೊಲದ್ ತುಂಬ ತೂತು ಹೊಡಿತೀಯ ಅಂತ ಬೈದಿದ್ದೆ. ಆಳುಗಳೆಲ್ಲ ಕೇಳವ್ರೆ. ಎಳ್ಕಂಡೋಗಿ ಗುಂಡಿಗಾಕ್ದೆ. ಅಷ್ಟೇ ನಾನ್ ಮಾಡಿದ್ದು.”

“ಅಷ್ಟೇನಾ?” ಮಲ್ಲಿಗಮ್ಮ ಅಂದಳು. ಮಣ್ಣಿಗೆ ಉಗಿದು ಪಕ್ಕಕ್ಕೆ ಸರಿದಳು.

“ಅವನ ಪುಸ್ತಕ?”

“ಪುಸ್ತಕ ಗಿಸ್ತಕ ಏನೂ ಇರ್ಲಿಲ್ಲ. ಬಳೆ ಒಂದು ಬಿದ್ದಿತ್ತು. ಅದ ಬಾವಿಗೆಸೆದೆ.”

“ಎಲ್ಲಿ ಬಿದ್ದಿದ್ದ, ತೋರಿಸಿ.”

ಅವನು ಮುಂದೆ ನಡೆದ. ಹೊಲದ ನಡುವಿಗೆ ಬಂದು, ಸಾಲು ಎಣಿಸಿ, ನಿಂತ. “ಇಲ್ಲೇ.”

ಭಾನು ತನ್ನ ಫೋನಿನಲ್ಲಿದ್ದ ಹಾಳೆಯನ್ನೂ ಹೊಲದ ಮೂಲೆಯನ್ನೂ ನೋಡಿ ಹೆಜ್ಜೆ ಅಳೆದಳು. ಅವಳ ಲೆಕ್ಕ ಅವನ ಕಾಲ ಬುಡಕ್ಕೇ ಬಂದು ಮುಗಿಯಿತು. ಹದಿನಾಲ್ಕು.

“ಮೇಡಂ, ಗಿಡ ನೋಡಿ.”

ಸುತ್ತಲಿನ ಗಿಡಗಳು ತೊಡೆಯುದ್ದ ಇದ್ದವು, ಎಲೆ ಹಳದಿಗೆ ತಿರುಗಿತ್ತು. ಇಲ್ಲಿ ಮಾತ್ರ ಒಂದು ಮಂಚದಷ್ಟು ಜಾಗದಲ್ಲಿ ಗಿಡಗಳು ಒಂದು ಗೇಣು ಹೆಚ್ಚು ಎತ್ತರ, ಕಡು ಹಸಿರು, ಹೂ ಎರಡರಷ್ಟು. ಆ ಜಾಗದ ಸಾಲಿನಲ್ಲಿ ನೀರೂ ನಿಂತಿರಲಿಲ್ಲ.

“ಬೇರು ಆಳಕ್ಕೆ ಹೋಗಿದೆ,” ಭಾನು ಪಿಸುಗುಟ್ಟಿದಳು. “ಬೇರೆ ಕಡೆ ಹೋಗೋಕೆ ಆಗಿಲ್ಲ. ಇಲ್ಲಿ ಆಗಿದೆ.”

ಮೊದಲು ಮೂರು ಸಾಲು ಆಚೆ ಬಳೆ ಬಡಿದರು. ಮೂರನೇ ಏಟಿಗೆ ಠಣ್ ಎಂದು ನಿಂತುಬಿಟ್ಟಿತು. ಭಾನು ನೀರು ಸುರಿದಳು. ಹದಿನೈದು ನಿಮಿಷ ಕಾದರೂ ನೀರು ಹಾಗೇ ಇತ್ತು. ಒಂದು ಎಸಳು ಅದರ ಮೇಲೆ ತೇಲುತ್ತಿತ್ತು.

ಆಮೇಲೆ ಹದಿನಾಲ್ಕು. ಬಳೆ ಸಲೀಸಾಗಿ ಇಳಿಯಿತು. ನೀರು ಸುರಿದರು. ಪುಟ್ಟಮಾದು ಗಡಿಯಾರ ಹಿಡಿದು ನೋಡಿದ; ಮೂರೂವರೆ ನಿಮಿಷಕ್ಕೆ ಅರ್ಧ ಇಂಚು ಇಳಿದಿತ್ತು.

“ಶಾಂತು ಅಳತೆ ಸರಿಯಿತ್ತು,” ಭಾನು ಅಂದಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಯಾರೋ ಇಲ್ಲಿ ಆ ಚಪ್ಪಡಿ ಒಡೆದು ಆಳಕ್ಕೆ ಅಗೆದಿದ್ದಾರೆ. ಆಮೇಲೆ ಮುಚ್ಚಿದ್ದಾರೆ. ಮೇಲೆ ರೋಟವೇಟರ್ ಹೊಡೆದಿದ್ದಾರೆ, ಕಣ್ಣಿಗೆ ಏನೂ ಕಾಣಲ್ಲ. ನೀರಿಗೆ ಮಾತ್ರ ಗೊತ್ತಾಗಿದೆ.”

“ಯಾವಾಗ ಅಗೆದಿದ್ದು ಇದನ್ನ?” ನಾಗಲಕ್ಷ್ಮಿ ಮಹದೇವಪ್ಪನ ಕಡೆ ತಿರುಗಿದಳು.

“ನಾನ್ ಅಗೆದಿಲ್ಲ.” ಅವನು ಆ ಎತ್ತರದ ಗಿಡಗಳನ್ನೇ ನೋಡುತ್ತಿದ್ದ. ಮುಖದಲ್ಲಿ ಕೋಪ ಉಳಿದಿರಲಿಲ್ಲ, ಗೊಂದಲವಿತ್ತು. “ಜೂನಲ್ಲಿ ಸಸಿ ನೆಡ್ಸೋ ಮುಂಚೆ ನಾನೇ ರೋಟವೇಟರ್ ಒಡ್ದಿದ್ದು. ಅಗಿಯಾ ಕೆಲ್ಸ ನಾವು ಇಲ್ಲಿ ಮಾಡೇ ಇಲ್ಲ. ಕೊಡ್ರೀ ಇಲ್ಲಿ.”

ಆಳಿನ ಗುದ್ದಲಿ ಕಿತ್ತುಕೊಂಡು ಅವನೇ ಅಗೆಯತೊಡಗಿದ. ನಾಗಲಕ್ಷ್ಮಿ ತಡೆಯಲಿಲ್ಲ; ಪುಟ್ಟಮಾದುವಿಗೆ ವಿಡಿಯೊ ಮಾಡಲು ಸನ್ನೆ ಮಾಡಿದಳು. ಸಡಿಲ ಮಣ್ಣು ಬೇಗ ಬೇಗ ಮೇಲೆ ಬಂತು. ಮೊಣಕಾಲುದ್ದ. ತೊಡೆಯುದ್ದ. ಅವನ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಊರ ಜನ ಬದು ಬಿಟ್ಟು ಹೊಲದೊಳಕ್ಕೆ ಬಂದಿದ್ದರು. ಯಾರೂ ಯಾರನ್ನೂ ತಡೆಯಲಿಲ್ಲ.

ಗುದ್ದಲಿಗೆ ಏನೋ ಮೆತ್ತಗೆ ಸಿಕ್ಕಿತು.

ಮಹದೇವಪ್ಪ ಬಗ್ಗಿ ಮಣ್ಣು ಸರಿಸಿದ. ಚರ್ಮದ ಚಪ್ಪಲಿ. ಗಂಡಸಿನದು. ಎತ್ತಲು ಹೋದವನು ಕೈ ಹಿಂದಕ್ಕೆಳೆದುಕೊಂಡು ಮಣ್ಣಿನ ಗುಡ್ಡೆಯ ಮೇಲೆ ಕುಕ್ಕರಿಸಿದ. ಚಪ್ಪಲಿ ಖಾಲಿಯಿರಲಿಲ್ಲ.

“ಯಾರೂ ಮುಟ್ಟಬೇಡಿ!” ನಾಗಲಕ್ಷ್ಮಿ ಕೂಗಿದಳು. “ಎಲ್ಲ ಹಿಂದೆ ಸರೀರಿ. ಪುಟ್ಟಮಾದು, ಗುಂಡ್ಲುಪೇಟೆಗೆ ಫೋನ್ ಮಾಡಿ. ತಹಸೀಲ್ದಾರ್ ಬರಬೇಕು, ಡಾಕ್ಟ್ರು ಬರಬೇಕು. ರಾಚಯ್ಯನ್ನ ಈಗಲೇ ಮನೆಗೆ ಕಳಿಸಿ ಅಂತ ಠಾಣೆಗೆ ಹೇಳಿ. ನಾನು ಹೇಳಿದೆ ಅಂತ ಹೇಳಿ.”

ಮಲ್ಲಿಗಮ್ಮ ಆ ಮಾತು ಕೇಳಿ ನೆಲದ ಮೇಲೆ ಕೂತುಬಿಟ್ಟಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಜನ ಹಿಂದೆ ಸರಿದರು. ಒಬ್ಬಳು ಮಾತ್ರ ಮುಂದೆ ಬಂದಳು. ಸೋಮಮ್ಮ. ಮಡಿಲ ತುಂಬ ಕಿತ್ತ ಹೂವಿತ್ತು. ಗುಂಡಿಯ ಅಂಚಿಗೆ ಬಂದು ಒಳಗೆ ನೋಡಿದಳು. ಬೆಚ್ಚಲಿಲ್ಲ, ಯಾರೆಂದು ಕೇಳಲಿಲ್ಲ.

“ಅದು ನನ್ ಮಗ್ಳು ಮೆಚ್ಕಂಡಿದ್ ಹುಡುಗುಂದು ಕಣವ್ವ,” ನಾಗಲಕ್ಷ್ಮಿಗೆ ಹೇಳಿದಳು, ದಾರಿ ತೋರಿಸುವವಳ ಹಾಗೆ. “ಎಡಕ್ಕೆ ಎರಡು ಮೊಳ ಬುಟ್ಟು ಅಗೀರಿ. ಮೆತ್ತುಗ್ ಅಗೀರಿ, ಆ ಬಳೆಗಾರ ಬಡ್ದಂಗೆ ಬಡೀಬ್ಯಾಡಿ. ಶೃತಿ ಅಲ್ಲವಳೆ.”

ಶೃತಿ ಅವರ ಒಬ್ಬಳೇ ಮಗಳು. ಜೂನ್ ತಿಂಗಳಲ್ಲಿ ಓದಲು ಮೈಸೂರಿಗೆ ಹೋದಳೆಂದು ಇಡೀ ಭೀಮನಬೀಡಿಗೆ ಗೊತ್ತಿತ್ತು.

ಮಹದೇವಪ್ಪ ಮಣ್ಣಿನ ಗುಡ್ಡೆಯಿಂದ ಏಳಲು ನೋಡಿದ. ಗುದ್ದಲಿಯ ಕಾವು ಹಿಡಿದು ಅಲ್ಲೇ ಕೂತ.

“ಏನಂತಿದ್ದೀಯೆ? ಶೃತಿ ಮೈಸೂರಲ್ಲವಳೆ. ನೆನ್ನೆ ಸಂಜೆ ಫೋನಲ್ಲಿ ಮಾತಾಡ್ದೆ ಅಂದ್ಯಲ್ಲೆ. ದಿನಾ ಸಂಜೆ ಮಾತಾಡ್ತೀನಿ ಅಂತೀಯಲ್ಲೆ ನೀನು.”

“ಊಂ,” ಸೋಮಮ್ಮ ಗಂಡನ ಕಡೆ ತಿರುಗಿದಳು. “ಅಂದೆ.”